ನೀರಲ್ಲಿ ಪಾದರಸ ಇಲ್ಲ ಅಂದ್ರೆ ಮೀನಲ್ಲೂ ಇಲ್ವಾ? – ಸಂಪಾದಕರ ಉತ್ತರ

ಉದ್ಯಾವರದಿಂದ ಒಬ್ಬರು ಅಮ್ಮ ಪತ್ರ ಬರೆದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕುದಿಲ್ಲ. ಪತ್ರ ಉದ್ದ ಉಂಟು, ವಿಷಯ ಇಷ್ಟು. ಮಗಳು ಬೆಂಗಳೂರಲ್ಲಿ, ಈಗ ಐದು ತಿಂಗಳು. ಫ್ಯಾಮಿಲಿ ಗ್ರೂಪಿಗೆ "ಕರಾವಳಿಯ ಹೊಳೆ, ಕಡಲು ಎಲ್ಲ ಪಾದರಸ, ಮೀನು ತಿಂದ್ರೆ ಹುಟ್ಟುವ ಮಗುವಿನ ಮೆದುಳು ಹಾಳು" ಅಂತ ಒಂದು ಫಾರ್ವರ್ಡ್ ಬಂದಿದೆ, ಅಳಿಯ ಅವತ್ತಿಂದ ಮನೆಗೆ ಮೀನು ತರುದೇ ನಿಲ್ಲಿಸಿದ್ದಾನೆ. ಇತ್ತ ಊರಲ್ಲಿ ಹೊಳೆ ನೀರಿನ ಟೆಸ್ಟ್ ರಿಪೋರ್ಟ್ ಅಂತ ಒಂದನ್ನು ಗ್ರಾಮಸಭೆಯಲ್ಲಿ ಓದಿದ್ರಂತೆ, ಅದ್ರಲ್ಲಿ ಪಾದರಸದ ಎದುರು "ಪತ್ತೆಯಾಗಿಲ್ಲ" ಅಂತ ಉಂಟು, ಅವರು ಅದರ ಫೋಟೋ ಕೂಡ ಕಳಿಸಿದ್ದಾರೆ. "ಯಾವುದನ್ನು ನಂಬುದು? ಬಾಣಂತನಕ್ಕೆ ಬಂದಾಗ ತಾಟೆ (ಶಾರ್ಕ್) ಮಾಡಿ ಹಾಕು, ಹಾಲು ಬರ್ತದೆ ಅಂತ ನಮ್ಮ ಅತ್ತೆ ಹೇಳ್ತಾರೆ, ಹಾಕ್ಬಹುದಾ? ಈಗ ಒಣಮೀನು ಪಾರ್ಸೆಲ್ ಕಳಿಸ್ಬಹುದಾ?"

ಅಮ್ಮ, ಮೊದಲು ನೇರ ಉತ್ತರ ಹೇಳಿಬಿಡ್ತೇನೆ, ಯಾಕಂದ್ರೆ ಮುಂದೆ ನಾನು ಸ್ವಲ್ಪ ಉದ್ದ ಮಾತಾಡ್ತೇನೆ. ಮಗಳು ಮೀನು ಬಿಡುದು ಬೇಡ. ಬೂತಾಯಿ (ಸಾರ್ಡಿನ್), ಬಂಗುಡೆ, ಕೊಲ್ಲತರು (ನೆತ್ತೋಲಿ), ಎಟ್ಟಿ (ಸಿಗಡಿ), ಬೊಂಡಾಸ್ (ಸ್ಕ್ವಿಡ್) ಇವೆಲ್ಲ ವಾರಕ್ಕೆ ಎರಡು ಮೂರು ಸಲ ಧೈರ್ಯವಾಗಿ ತಿನ್ಲಿ. ತಾಟೆ ಬೇಡ. ದೊಡ್ಡ ಅಂಜಲ್ (ಸುರ್ಮಯಿ), ದೊಡ್ಡ ಟ್ಯೂನಾ ಸದ್ಯಕ್ಕೆ ಬದಿಗಿಡ್ಲಿ. ಇನ್ನು ಆ ರಿಪೋರ್ಟ್, ಆ ಫಾರ್ವರ್ಡ್, ಇದ್ರಲ್ಲಿ ಯಾವುದು ಸರಿ ಅಂದ್ರೆ ಎರಡೂ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ.

ರಿಪೋರ್ಟಿನಿಂದ ಶುರು ಮಾಡುವ. ನೀವು ಕಳಿಸಿದ ಫೋಟೋದಲ್ಲಿ ಕೊನೆ ಕಾಲಂ ಝೂಮ್ ಮಾಡಿ ನೋಡಿ, ಲೀಟರಿಗೆ 0.001 ಮಿಲಿಗ್ರಾಂ ಅಂತ ಸಣ್ಣ ಅಕ್ಷರದಲ್ಲಿ ಉಂಟು. ಅದು ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟ ಮಿತಿ, ಈ ಲ್ಯಾಬಿನವರು ಅಲ್ಲಿವರೆಗೆ ಮಾತ್ರ ಅಳೆದಿದ್ದಾರೆ, ಅದಕ್ಕಿಂತ ಕೆಳಗೆ ಎಷ್ಟೇ ಇದ್ರೂ "ಪತ್ತೆಯಾಗಿಲ್ಲ" ಅಂತಲೇ ಬರುದು. ಕೇಳ್ಲಿಕ್ಕೆ ತುಂಬಾ ಕಮ್ಮಿ ಅನ್ನಿಸ್ತದೆ, ಆದ್ರೆ ಅದನ್ನೇ ನ್ಯಾನೋಗ್ರಾಂ (ಮಿಲಿಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು) ಲೆಕ್ಕಕ್ಕೆ ತಂದ್ರೆ ಲೀಟರಿಗೆ ಸಾವಿರ ಆಯ್ತು. ಶುದ್ಧ ಕಡಲ ನೀರಲ್ಲಿ ಪಾದರಸ ಇರುದೇ ಲೀಟರಿಗೆ ಒಂದು ನ್ಯಾನೋಗ್ರಾಂ ಆಸುಪಾಸು, ಹೆಚ್ಚಾಗಿ ಅದಕ್ಕಿಂತಲೂ ಕಮ್ಮಿ. ಅಂದ್ರೆ ಇದು ಸೌದೆ ತೂಗುವ ತಕ್ಕಡಿಯಲ್ಲಿ ಮೂಗುತಿ ಇಟ್ಟು ತೂಕ ಬರ್ಲಿಲ್ಲ ಅಂದ ಹಾಗೆ. ಹೊಳೆ ನೀರನ್ನು ಕುಡೀಲಿಕ್ಕೆ ಆಗ್ತದಾ ಅಂತ ಕೇಳಿದ್ರೆ ಆ ರಿಪೋರ್ಟ್ ಸರಿಯಾದ ಉತ್ತರ ಕೊಟ್ಟಿದೆ, ಹೊಳೆ ಮೀನು ತಿನ್ಲಿಕ್ಕೆ ಆಗ್ತದಾ ಅಂತ ಕೇಳಿದ್ರೆ ಅದು ಬಾಯೇ ಬಿಡ್ಲಿಲ್ಲ.

ಯಾಕೆ ಅಂದ್ರೆ ಪಾದರಸ ನೀರಲ್ಲಿ ನಿಲ್ಲುದಿಲ್ಲ. ಮಣ್ಣಿನ ಕಣ, ಕೊಳೆತ ಎಲೆ, ಹೂಳು ಇದಕ್ಕೆಲ್ಲ ಅಂಟಿಕೊಂಡು ಕೆಳಗೆ ಕೂತುಬಿಡ್ತದೆ. ಹೊಳೆ ಸಮುದ್ರಕ್ಕೆ ಸೇರುವಲ್ಲಿ, ಅಳಿವೆಯಲ್ಲಿ, ಉಪ್ಪುನೀರು ಸಿಹಿನೀರು ಸೇರಿದಾಗ ನೀರಲ್ಲಿ ತೇಲ್ತಾ ಬಂದ ಸಣ್ಣ ಮಣ್ಣೆಲ್ಲ ಗಂಟುಕಟ್ಟಿ ಅಡಿಗೆ ಇಳೀತದೆ, ಹಾಗಾಗಿ ಮೇಲಿಂದ ಬಂದ ಪಾದರಸದ ದೊಡ್ಡ ಪಾಲು ಅಲ್ಲೇ ಶೇಖರ ಆಗುದು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಆ ಕಪ್ಪು ಕೆಸರು ಉಂಟಲ್ಲ, ಕಾಲಿಟ್ರೆ ಮೊಣಕಾಲವರೆಗೆ ಹೂತು ಕೊಳೆತ ಮೊಟ್ಟೆ ವಾಸನೆ ಬರುವಂಥದ್ದು, ಅಲ್ಲಿ ಆಕ್ಸಿಜನ್ ಇಲ್ಲ. ಆಕ್ಸಿಜನ್ ಇಲ್ಲದ ಕಡೆ ಸಲ್ಫೇಟ್ ಬಳಸಿ ಬದುಕುವ ಬ್ಯಾಕ್ಟೀರಿಯಾ ಇರ್ತಾವೆ, ಆ ವಾಸನೆ ಅವುಗಳದ್ದೇ. ಇವು ಸಾಮಾನ್ಯ ಪಾದರಸವನ್ನು ಮೀಥೈಲ್ ಪಾದರಸ ಮಾಡ್ತಾವೆ. ಇಡೀ ಕಥೆಯಲ್ಲಿ ವಿಲನ್ ಅಂತ ಇದ್ರೆ ಅದು ಇದು. ಥರ್ಮಾಮೀಟರಿನ ಬೆಳ್ಳಿ ಗುಂಡು ಮಗು ಅಪ್ಪಿತಪ್ಪಿ ನುಂಗಿದ್ರೆ ಹೊಟ್ಟೆಯಲ್ಲಿ ಅದು ಬಹುತೇಕ ಹೀರಿಕೊಳ್ಳುದೇ ಇಲ್ಲ, ಹಾಗೇ ಹೊರಗೆ ಹೋಗ್ತದೆ (ಅದರ ಆವಿ ಉಸಿರಿಗೆ ಹೋದ್ರೆ ಮಾತ್ರ ಬೇರೆ ಕಥೆ, ಅದು ಅಪಾಯ). ಮೀಥೈಲ್ ಪಾದರಸ ಹಾಗಲ್ಲ, ತಿಂದದ್ದರಲ್ಲಿ ನೂರಕ್ಕೆ 95ರಷ್ಟು ರಕ್ತಕ್ಕೆ ಸೇರ್ತದೆ, ಮೆದುಳಿಗೆ ಹೋಗ್ತದೆ, ಹೊಕ್ಕುಳಬಳ್ಳಿ ದಾಟಿ ಮಗುವಿಗೂ ಹೋಗ್ತದೆ.

ಇನ್ನು ಅದು ಮೀನಿಗೆ ಹೇಗೆ ಬರ್ತದೆ ಅಂದ್ರೆ, ಪಾಚಿ ಹೀರ್ತದೆ, ಪಾಚಿಯನ್ನು ಸಣ್ಣ ಜೀವಿ ತಿನ್ತದೆ, ಅದನ್ನು ಸಣ್ಣ ಮೀನು, ಸಣ್ಣದನ್ನು ದೊಡ್ಡದು, ಮತ್ತೆ ಯಾವುದಕ್ಕೂ ಅದನ್ನು ಬೇಗ ಹೊರಹಾಕ್ಲಿಕ್ಕೆ ಆಗುದಿಲ್ಲ, ತಿಂದಷ್ಟೂ ಮಾಂಸದಲ್ಲಿ ಕೂತ್ಕೊಳ್ತದೆ. ಮೇಲಿನ ಮಟ್ಟದ ಬೇಟೆ ಮೀನಿಗೆ ಬರುವಾಗ ನೀರಲ್ಲಿ ಇದ್ದದ್ದಕ್ಕಿಂತ 10 ಲಕ್ಷ ಪಟ್ಟು ಅಥವಾ ಅದಕ್ಕೂ ಹೆಚ್ಚು ಆಗಿರ್ತದೆ. ಒಂದು ಲೆಕ್ಕ ಹಾಕಿ ನೋಡಿ: ಲೀಟರ್ ನೀರಲ್ಲಿ ಒಂದೇ ಒಂದು ನ್ಯಾನೋಗ್ರಾಂ ಮೀಥೈಲ್ ಪಾದರಸ ಇದ್ದು ಅದು 10 ಲಕ್ಷ ಪಟ್ಟು ಆದ್ರೆ ಕೆಜಿ ಮೀನಲ್ಲಿ ಒಂದು ಮಿಲಿಗ್ರಾಂ ಆಯ್ತು. ನಮ್ಮಲ್ಲಿ ಸಾಮಾನ್ಯ ಮೀನಿಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟ ಪಾದರಸದ ಮಿತಿ ಕೆಜಿಗೆ 0.5 ಮಿಲಿಗ್ರಾಂ. ಮಿತಿಯ ಡಬಲ್! ಅದೇ ನೀರನ್ನು ನಿಮ್ಮ ಗ್ರಾಮಸಭೆಯ ಲ್ಯಾಬಿಗೆ ಕೊಟ್ರೆ ಆಗಲೂ "ಪತ್ತೆಯಾಗಿಲ್ಲ" ಅಂತಲೇ ಬರ್ತಿತ್ತು.

ನೀರು ತೋರಿಸಿ ಜನರನ್ನು ಸಮಾಧಾನ ಮಾಡುದು ಹೊಸ ಆಟ ಏನಲ್ಲ. ಜಪಾನಿನ ಮಿನಮಾಟಾ ಹೆಸರು ಕೇಳಿರ್ಬಹುದು, ಕುಮಮೊಟೊ ಪ್ರಾಂತ್ಯದ ಒಂದು ಸಣ್ಣ ಪೇಟೆ, ಕಡಲ ಬದಿ, ಮೀನೇ ಊಟ. ಅಲ್ಲಿ ಚಿಸ್ಸೊ ಅಂತ ಕಂಪನಿ 1932ರಿಂದ 1968ರವರೆಗೆ ಅಸಿಟಾಲ್ಡಿಹೈಡ್ ಅನ್ನುವ ರಾಸಾಯನಿಕ ತಯಾರಿಸ್ತಿತ್ತು, ಅದಕ್ಕೆ ಪಾದರಸ ಬೇಕಿತ್ತು, ಉಳಿದದ್ದನ್ನು ಕೊಲ್ಲಿಗೆ ಬಿಡ್ತಿದ್ರು. ಮೊದಲು ಬೆಕ್ಕುಗಳು ಹುಚ್ಚು ಹಿಡಿದ ಹಾಗೆ ಸುತ್ತಿ ಸುತ್ತಿ ಬಿದ್ದು ಸತ್ತವು. ಆಮೇಲೆ ಮಕ್ಕಳು. 1956 ಮೇ 1ಕ್ಕೆ ಕಂಪನಿಯದ್ದೇ ಆಸ್ಪತ್ರೆಯ ಡಾಕ್ಟರ್ ಹಾಜಿಮೆ ಹೊಸೊಕಾವಾ ಇಂಥದ್ದೊಂದು ಕಾಯಿಲೆ ಬಂದಿದೆ ಅಂತ ಆರೋಗ್ಯ ಇಲಾಖೆಗೆ ತಿಳಿಸಿದ್ರು. ಕಂಪನಿ ಎಂತ ಮಾಡಿತು ಗೊತ್ತುಂಟಾ, 1958ರಲ್ಲಿ ಪೈಪಿನ ಬಾಯಿಯನ್ನು ಬಂದರಿನ ಕಡೆಯಿಂದ ತೆಗೆದು ಮಿನಮಾಟಾ ಹೊಳೆಯ ಅಳಿವೆಗೆ ತಿರುಗಿಸಿತು, ಮರುವರ್ಷದಿಂದ ಅಳಿವೆಯ ಆಚೀಚೆ ಊರುಗಳಲ್ಲಿ ಹೊಸ ರೋಗಿಗಳು ಶುರು ಆದ್ರು. 1959ರ ಅಕ್ಟೋಬರಿನಲ್ಲಿ ಅದೇ ಹೊಸೊಕಾವಾ ಫ್ಯಾಕ್ಟರಿಯ ಕೊಳಚೆಯನ್ನು ಊಟಕ್ಕೆ ಬೆರೆಸಿ ಕೊಟ್ಟ ಬೆಕ್ಕಿಗೆ, 400ನೇ ನಂಬರಿನ ಬೆಕ್ಕು ಅದು, ಅದೇ ಕಾಯಿಲೆ ಬಂತು. ಕಂಪನಿ ಆ ವಿಷಯ ಹೊರಗೆ ಬಿಡ್ಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಹೊಸ ಶುದ್ಧೀಕರಣ ಘಟಕ ಅಂತ ಉದ್ಘಾಟನೆ ಮಾಡಿ, ಕಂಪನಿಯ ಅಧ್ಯಕ್ಷರು ಎಲ್ಲರೆದುರು ಒಂದು ಗ್ಲಾಸ್ ನೀರು ಕುಡಿದು ತೋರಿಸಿದ್ರು! ಪಾದರಸ ಇದ್ದ ಅಸಿಟಾಲ್ಡಿಹೈಡ್ ಘಟಕದ ನೀರು ಆ ಮೆಷಿನಿಗೆ ಹೋಗ್ತಲೇ ಇರ್ಲಿಲ್ಲ. ಕೊಳಚೆ ಮತ್ತೆ ಎಂಟು ವರ್ಷಕ್ಕೂ ಹೆಚ್ಚು ಹರೀತು, ಕಾರಣ ಇದೇ ಅಂತ ಜಪಾನ್ ಸರ್ಕಾರ ಒಪ್ಪಿದ್ದು 1968ರ ಸೆಪ್ಟೆಂಬರಿನಲ್ಲಿ, ಅಷ್ಟರಲ್ಲಿ ಕಂಪನಿ ಆ ಘಟಕವನ್ನೇ ಮುಚ್ಚಿ ಆಗಿತ್ತು.

ಯಾವುದಾದ್ರೂ ಸಾಹೇಬರು ಹೊಳೆ ನೀರು ಕುಡಿದು ತೋರಿಸಿದ್ರೆ, ಅಮ್ಮ, ಚಪ್ಪಾಳೆ ತಟ್ಟುವ ಮೊದಲು ಇದು ನೆನಪು ಮಾಡ್ಕೊಳ್ಳಿ.

ನಿಮ್ಮ ಮಗಳ ವಿಷಯಕ್ಕೆ ಸಂಬಂಧ ಇರುವ ಇನ್ನೊಂದು ಸಂಗತಿಯೂ ಅಲ್ಲಿಂದಲೇ ಬಂದದ್ದು. ಆ ಕಾಲದ ಡಾಕ್ಟರುಗಳು ತಾಯಿಯ ಹೊಟ್ಟೆಯಲ್ಲಿರುವ ಮಗುವಿಗೆ ವಿಷ ದಾಟುದಿಲ್ಲ ಅಂತ ನಂಬಿದ್ರು. ಮಿನಮಾಟಾದಲ್ಲಿ ತಾಯಂದಿರು ಹೆಚ್ಚುಕಮ್ಮಿ ಆರಾಮ ಇದ್ರು, ಕೆಲವರಿಗೆ ಕೈ ಜೋಮು ಹಿಡಿದ ಹಾಗೆ ಆಗ್ತಿತ್ತು ಅಷ್ಟೇ, ಹುಟ್ಟಿದ ಮಕ್ಕಳಿಗೆ ನಡೀಲಿಕ್ಕೆ, ಮಾತಾಡ್ಲಿಕ್ಕೆ ಆಗ್ಲಿಲ್ಲ. ಜಪಾನಿನಲ್ಲಿ ಮಗುವಿನ ಹೊಕ್ಕುಳಬಳ್ಳಿಯನ್ನು ಒಣಗಿಸಿ ಸಣ್ಣ ಪೆಟ್ಟಿಗೆಯಲ್ಲಿ ಜೋಪಾನ ಮಾಡುವ ಕ್ರಮ ಉಂಟು. ಡಾಕ್ಟರ್ ಮಸಾಝುಮಿ ಹರಾದಾ ಅಂಥ ಬಳ್ಳಿಗಳನ್ನು ಮನೆಮನೆಯಿಂದ ತಂದು ಪರೀಕ್ಷೆ ಮಾಡಿಸಿದ್ರು, ಪಾದರಸ ಅದರೊಳಗೇ ಇತ್ತು.

ಈಗ ಅದನ್ನು ಓದಿ ಅಳಿಯ ಮತ್ತೆ ಗಾಬರಿ ಆಗುದು ಬೇಡ. ಮಿನಮಾಟಾದಲ್ಲಿ ಒಂದು ಫ್ಯಾಕ್ಟರಿ ವರ್ಷಗಟ್ಟಲೆ ಟನ್ನುಗಟ್ಟಲೆ ಸುರಿದದ್ದು, ಮಲ್ಪೆ ಬಂದರಿನ ಬೂತಾಯಿ ಬುಟ್ಟಿಗೆ ಅದನ್ನು ಹೋಲಿಸ್ಲಿಕ್ಕೆ ಆಗುದಿಲ್ಲ. ನಾವು ನೋಡ್ಬೇಕಾದ್ದು ಯಾವ ಮೀನು ಅಂತ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಇಲಾಖೆ ಎಫ್‌ಡಿಎ ಅಲ್ಲಿನ ಮಾರ್ಕೆಟಿನ ಮೀನುಗಳನ್ನು ವರ್ಷಾನುಗಟ್ಟಲೆ ಅಳೆದು ಸರಾಸರಿ ಹಾಕಿದೆ, ಅಲ್ಲಿನ ಬೂತಾಯಿ ಜಾತಿಗೆ ಕೆಜಿಗೆ 0.013 ಮಿಲಿಗ್ರಾಂ, ಕಿಂಗ್ ಮ್ಯಾಕೆರೆಲಿಗೆ 0.73, ಶಾರ್ಕಿಗೆ 0.979. ಈ ಕಿಂಗ್ ಮ್ಯಾಕೆರೆಲ್ ನಮ್ಮ ಅಂಜಲಿನ ದಾಯಾದಿ, ಎರಡೂ ಒಂದೇ ಕುಲ. ಇನ್ನು ದೇಹ ತಡ್ಕೊಳ್ಳುವ ಮಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ ಎಫ್‌ಎಒ ತಜ್ಞರ ಸಮಿತಿ 2003ರಲ್ಲಿ ಹಾಕಿದ್ದು, ದೇಹದ ಒಂದು ಕೆಜಿ ತೂಕಕ್ಕೆ ವಾರಕ್ಕೆ 1.6 ಮೈಕ್ರೋಗ್ರಾಂ (ಮಿಲಿಗ್ರಾಂನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ) ಮೀಥೈಲ್ ಪಾದರಸ, ಹೊಟ್ಟೆಯಲ್ಲಿರುವ ಮಗುವನ್ನು ಲೆಕ್ಕದಲ್ಲಿಟ್ಟೇ ಹಾಕಿದ ಮಿತಿ ಅದು. ನಿಮ್ಮ ಮಗಳು 60 ಕೆಜಿ ಅಂತ ಇಟ್ಕೊಳ್ಳಿ, ವಾರಕ್ಕೆ 96 ಮೈಕ್ರೋಗ್ರಾಂ ಆಯ್ತು. ಆ ಸರಾಸರಿ ಪ್ರಕಾರ ಕಿಂಗ್ ಮ್ಯಾಕೆರೆಲ್ ಆದ್ರೆ ವಾರಕ್ಕೆ 130 ಗ್ರಾಂಗೇ ಮಿತಿ ಮುಗೀತು, ಅಂದ್ರೆ ಹೋಟೆಲಿನ ಒಂದು ದೊಡ್ಡ ತವಾ ಫ್ರೈ ತುಂಡು. ಬೂತಾಯಿ ಆದ್ರೆ ಏಳು ಕೆಜಿ ತಿಂದ್ರೂ ಮಿತಿ ದಾಟುದಿಲ್ಲ. ಏಳು ಕೆಜಿ ಬೂತಾಯಿ ಒಂದು ವಾರದಲ್ಲಿ ತಿನ್ಲಿಕ್ಕೆ ನಮ್ಮ ಊರಿನ ಯಾವ ಗಟ್ಟಿಗನಿಗೂ ಆಗ್ಲಿಕ್ಕಿಲ್ಲ.

ಅದಕ್ಕೆ ನನಗೆ ಈ ಫಾರ್ವರ್ಡ್ ಮೇಲೆ ಸಿಟ್ಟು ಬರುದು. "ಮೀನು" ಅಂತ ಒಂದೇ ಪದದಲ್ಲಿ ಮುಗಿಸಿಬಿಡ್ತಾರೆ. ಮದುವೆ ಮನೆಯಲ್ಲಿ ಮರ್ಯಾದೆಗೆ ಅಂಜಲ್, ಮನೆಯಲ್ಲಿ ಪುಳಿಮುಂಚಿಗೆ ಬೂತಾಯಿ ಅಂತ ನಾವು ಇಟ್ಕೊಂಡ ಮೇಲುಕೀಳು ಈ ಲೆಕ್ಕದಲ್ಲಿ ತಲೆಕೆಳಗು. ಬೂತಾಯಿ ತಿನ್ನುದು ತೇಲುವ ಪಾಚಿ, ಸಣ್ಣಪುಟ್ಟ ಜೀವಿ, ಬದುಕುದು ಎರಡು ಮೂರು ವರ್ಷ, ಪಾದರಸ ಸೇರಿಸಿಕೊಳ್ಳಲಿಕ್ಕೆ ಅದಕ್ಕೆ ಪುರುಸೊತ್ತೇ ಇಲ್ಲ. ಮತ್ತೆ ಮಗುವಿನ ಮೆದುಳಿಗೆ ಬೇಕಾದ ಒಮೆಗಾ-3 ಎಣ್ಣೆ ಅದ್ರಲ್ಲೇ ಹೆಚ್ಚು. ಮೀನನ್ನೇ ಬಿಟ್ರೆ ಅದೂ ಹೋಯ್ತು. ಸೇಶೆಲ್ಸ್ ದ್ವೀಪಗಳಲ್ಲಿ ವಾರಕ್ಕೆ ಹತ್ತು ಹನ್ನೆರಡು ಸಲ ಮೀನು ತಿನ್ನುವ ತಾಯಂದಿರ ಮಕ್ಕಳನ್ನು ಹುಟ್ಟಿದಾಗಿಂದ ವರ್ಷಾನುಗಟ್ಟಲೆ ನೋಡಿದ್ದಾರೆ, ಸ್ಪಷ್ಟವಾದ ಹಾನಿ ಕಾಣ್ಲಿಲ್ಲ. ಫೆರೋ ದ್ವೀಪಗಳ ಮಕ್ಕಳಲ್ಲಿ ನೆನಪು, ಗಮನ, ಭಾಷೆ ಸ್ವಲ್ಪ ಹಿಂದೆ ಬಿದ್ದದ್ದು ಕಂಡಿತು, ಆದ್ರೆ ಅಲ್ಲಿ ತಾಯಂದಿರಿಗೆ ಪಾದರಸ ಹೆಚ್ಚಾಗಿ ಬಂದದ್ದು ತಿಮಿಂಗಿಲ ಜಾತಿಯ ಮಾಂಸದಿಂದ.

2018ರಲ್ಲಿ, ಮೀನು ಕೆಡದ ಹಾಗೆ ಫಾರ್ಮಾಲಿನ್ ಹಾಕ್ತಾರೆ ಅಂತ ಎದ್ದ ಗಲಾಟೆ ನೆನಪಿರ್ಬಹುದು ನಿಮಗೆ. ಹೆದರಿಕೆ ಶುರು ಆದ್ರೆ ಮೊದಲು ಪೆಟ್ಟು ಬೀಳುದು ತಲೆ ಮೇಲೆ ಬುಟ್ಟಿ ಹೊತ್ತು ಮನೆಬಾಗಿಲಿಗೆ ಬರುವ ಹೆಂಗಸರಿಗೆ, ಅವರ ಬುಟ್ಟಿಯಲ್ಲಿ ಇರುದು ಇದೇ ಬೂತಾಯಿ, ಬಂಗುಡೆ. ಎಸಿ ಹೋಟೆಲಿನ ಅಂಜಲ್ ತವಾ ಫ್ರೈ ವ್ಯಾಪಾರಕ್ಕೆ ಎಂತದೂ ಆಗುದಿಲ್ಲ.

ಅತ್ತೆಯವರ ತಾಟೆ ವಿಷಯ ಸ್ವಲ್ಪ ನಾಜೂಕು. ಬಾಣಂತಿಗೆ ತಾಟೆ ಹಾಕುದು ನಮ್ಮಲ್ಲಿ ಮಾತ್ರ ಅಲ್ಲ, ತಮಿಳುನಾಡಿನಲ್ಲೂ ಉಂಟು, ಹಳೇ ನಂಬಿಕೆ. ಅವರು ಹೇಳುದು ಮರಿ ತಾಟೆ, ಮೊಳಕೈ ಉದ್ದದ್ದು. ಮೀನಿಗೆ ಪ್ರಾಯ ಆದಷ್ಟೂ ಪಾದರಸ ಜಾಸ್ತಿ, ಹಾಗಾಗಿ ಮರಿಯಲ್ಲಿ ದೊಡ್ಡದರಷ್ಟು ಇರ್ಲಿಕ್ಕಿಲ್ಲ ಅನ್ನುದು ನಿಜ, ಆದ್ರೆ ಮಾರ್ಕೆಟಲ್ಲಿ ತುಂಡು ಮಾಡಿ ಇಟ್ಟದ್ದು ಮರಿಯದ್ದಾ ಅಜ್ಜನದ್ದಾ ಅಂತ ಯಾರಿಗೆ ಗೊತ್ತು? ಮತ್ತೆ ಹೊಟ್ಟೆಯಲ್ಲೇ ಇರುವ ಮರಿಗೆ ತಾಯಿ ಶಾರ್ಕಿನಿಂದಲೂ ಪಾದರಸ ದಾಟ್ತದೆ. ಎಫ್‌ಡಿಎ ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಪೂರ್ತಿ ಬೇಡ ಅಂತ ಪಟ್ಟಿ ಮಾಡಿದ್ದರಲ್ಲಿ ಶಾರ್ಕ್ ಉಂಟು, ಕಿಂಗ್ ಮ್ಯಾಕೆರೆಲ್ ಉಂಟು. ತೊಳೆದ್ರೆ, ಚರ್ಮ ಸುಲಿದ್ರೆ, ಹುಳಿ ಹಾಕಿ ಕುದಿಸಿದ್ರೆ ಹೋಗ್ತದಾ ಅಂತ ಕೇಳ್ಬೇಡಿ, ಹೋಗುದಿಲ್ಲ, ಅದು ಕೊಬ್ಬಿನಲ್ಲಿ ಅಲ್ಲ ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರ್ತದೆ. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳ್ಬೇಕು ಅಂದ್ರೆ ಅದೇ ಮೆಣಸು ಬೆಳ್ಳುಳ್ಳಿ ಮಸಾಲೆಯಲ್ಲಿ ಕಾಣೆ ಮೀನು ಮಾಡಿ ಹಾಕಿ, ರುಚಿಗೆ ಯಾರೂ ಜಗಳ ಮಾಡ್ಲಿಕ್ಕಿಲ್ಲ. ಈವರೆಗೆ ಮಗಳು ಅಂಜಲ್ ತಿಂದಿದ್ರೆ ಅದಕ್ಕೆ ತಲೆ ಬಿಸಿ ಬೇಡ, ರಕ್ತದಲ್ಲಿರುವ ಮೀಥೈಲ್ ಪಾದರಸ ಸುಮಾರು 50 ದಿನಕ್ಕೆ ಅರ್ಧ ಆಗ್ತದೆ, ಇವತ್ತಿಂದ ಬದಲಾಯಿಸಿದ್ರೂ ಲಾಭ ಉಂಟು.

ಈಗ ಹೊಳೆಯ ಕಡೆಗೆ ಬರುವ, ಯಾಕಂದ್ರೆ ಮೀನು ಆರಿಸಿ ತಿನ್ನಿ ಅಂತ ಹೇಳಿ ಕೈ ತೊಳ್ಕೊಂಡ್ರೆ ಅದು ಅರ್ಧ ಉತ್ತರ. ಪಾದರಸ ಎಲ್ಲಿಂದ ಬರ್ತದೆ? ಜಗತ್ತಿನ ಲೆಕ್ಕದಲ್ಲಿ ಮನುಷ್ಯರು ಗಾಳಿಗೆ ಬಿಡುದು ವರ್ಷಕ್ಕೆ 2,200 ಟನ್ ಮೇಲೆ, ಅದ್ರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು, ನೂರಕ್ಕೆ 38ರಷ್ಟು, ಆಫ್ರಿಕಾ, ಅಮೆಜಾನ್, ಇಂಡೋನೇಷ್ಯಾ ಕಡೆ ಸಣ್ಣ ಮಟ್ಟದಲ್ಲಿ ಚಿನ್ನ ತೆಗೆಯುವವರಿಂದ, ಪಾದರಸ ಹಾಕಿ ಚಿನ್ನ ಹಿಡಿದು ಅದನ್ನು ಬೆಂಕಿಗಿಟ್ಟು ಆವಿ ಮಾಡ್ತಾರೆ. ಎರಡನೆಯದು ಕಲ್ಲಿದ್ದಲು. ಗಾಳಿಗೆ ಹೋದದ್ದು ತಿಂಗಳುಗಟ್ಟಲೆ ತಿರುಗಿ ಎಲ್ಲಿಯೋ ಮಳೆಯಲ್ಲಿ ಇಳೀತದೆ, ಅಂದ್ರೆ ಘಟ್ಟದ ಮೇಲೆ ಬಿದ್ದು ನೇತ್ರಾವತಿಯಲ್ಲಿ ಇಳಿಯುವ ಮಳೆಯಲ್ಲಿ ಎಲ್ಲೆಲ್ಲಿಯದ್ದೋ ಪಾಲು ಇರ್ತದೆ. ಹತ್ತಿರದ್ದು ಅಂದ್ರೆ ನಂದಿಕೂರಿನಲ್ಲಿ 1,200 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಉಂಟು, ಕಲ್ಲಿದ್ದಲಿನಲ್ಲಿ ಸಹಜವಾಗಿಯೇ ಸ್ವಲ್ಪ ಪಾದರಸ ಇರ್ತದೆ, ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ಚಿಮಣಿ ಹೊಗೆಯಲ್ಲಿ ಘನ ಮೀಟರಿಗೆ 0.03 ಮಿಲಿಗ್ರಾಂ ಅಂತ ಮಿತಿ ಹಾಕಿದೆ. ಮಿತಿ ಇದ್ದ ಮೇಲೆ ಅಳತೆಯೂ ಇರ್ಬೇಕು, ಆ ಅಳತೆ ಊರಿನವರ ಕೈಗೆ ಬರ್ಬೇಕು, ಅಷ್ಟು ಕೇಳುದರಲ್ಲಿ ತಪ್ಪಿಲ್ಲ. ಇನ್ನೊಂದು ಯಾರೂ ಮಾತಾಡದ್ದು: ಮಂಗಳೂರು, ಮಣಿಪಾಲದಲ್ಲಿ ಎಷ್ಟು ಡೆಂಟಲ್ ಕಾಲೇಜು ಉಂಟು ನೋಡಿ, ಹಲ್ಲಿಗೆ ತುಂಬಿಸುವ ಬೆಳ್ಳಿ ಬಣ್ಣದ ಅಮಾಲ್ಗಮ್‌ನಲ್ಲಿ ಸುಮಾರು ಅರ್ಧ ಪಾದರಸ. ಹಳೇದನ್ನು ಕೊರೆದು ತೆಗೆದು ಬಾಯಿ ಮುಕ್ಕಳಿಸಿ ಉಗಿದ್ರೆ, ಕೆಳಗೆ ಫಿಲ್ಟರ್ ಇಲ್ಲದಿದ್ರೆ ಅದು ಡ್ರೈನೇಜಿಗೆ.

ಕರ್ನಾಟಕದಲ್ಲಿ ಇದರ ಪಾಠ ಒಂದು ಹಿಂದೆಯೇ ಆಗಿದೆ, ಕಾರವಾರದ ಬಿಣಗಾದಲ್ಲಿ. ಅಲ್ಲಿನ ಕಾಸ್ಟಿಕ್ ಸೋಡಾ ಕಾರ್ಖಾನೆ ಪಾದರಸದ ಸೆಲ್ (ಉಪ್ಪುನೀರಿಗೆ ಕರೆಂಟ್ ಹಾಯಿಸುವ ತೊಟ್ಟಿ) ಬಳಸ್ತಿದ್ದ ಕಾಲದಲ್ಲಿ, ಕೇಂದ್ರ ಕಡಲ ಮೀನು ಸಂಶೋಧನಾ ಸಂಸ್ಥೆಯ, ಅಂದ್ರೆ ಸಿಎಂಎಫ್‌ಆರ್‌ಐ ವಿಜ್ಞಾನಿಗಳು ಹತ್ತಿರದ ಕಡಲನ್ನು ಅಳೆದು 1990ರಲ್ಲಿ ಪ್ರಕಟ ಮಾಡಿದ್ರು, ಮುಂದೆ ಅಲ್ಲಿನ ಕಡಲ ಗಿಡ, ಪ್ರಾಣಿಗಳ ಮೈಯಲ್ಲಿ ಲೋಹ ಎಷ್ಟು ಸೇರಿದೆ ಅಂತಲೂ ನೋಡಿದ್ರು. ಕೆಸರು ಮತ್ತು ಜೀವಿ ಮಾತಾಡ್ತದೆ, ನೀರು ಮಾತಾಡುದಿಲ್ಲ ಅಂತ ಅವರಿಗೆ ಗೊತ್ತಿತ್ತು. ದೇಶದಲ್ಲಿ ಆಮೇಲೆ ಪಾದರಸದ ಸೆಲ್ ಬಿಟ್ಟು, ಪಾದರಸ ಬೇಡದ ಮೆಂಬ್ರೇನ್ ಟೆಕ್ನಾಲಜಿಗೆ ಬಂದ್ರು, ಅದು ನಿಜವಾಗಿಯೂ ಒಳ್ಳೆದಾಯ್ತು. ಆದ್ರೆ ಕೆಸರಲ್ಲಿ ಕೂತದ್ದು ಕಾರ್ಖಾನೆ ನಿಂತ ಕೂಡ್ಲೇ ಎದ್ದು ಹೋಗುದಿಲ್ಲ, ಮಿನಮಾಟಾದಲ್ಲಿ 1977ರಿಂದ 1990ರವರೆಗೆ ಹೂಳು ತೆಗೆದು 58 ಹೆಕ್ಟೇರ್ ಕೊಲ್ಲಿಯನ್ನೇ ಮುಚ್ಚಿ ನೆಲ ಮಾಡಿದ್ರು, ಮೀನು ಹೊರಗೆ ಹೋಗದ ಹಾಗೆ ಹಾಕಿದ ಬಲೆ ತೆಗೆದದ್ದು 1997ರಲ್ಲಿ.

ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ನೀರಿನ ರಿಪೋರ್ಟ್ ಓದಿದ್ರೆ ಕೈ ಎತ್ತಿ, ಕೆಸರಿನದ್ದು ಎಲ್ಲಿ, ಮರುವಾಯಿಯದ್ದು (ಚಿಪ್ಪುಮೀನಿನದ್ದು) ಎಲ್ಲಿ ಅಂತ ಕೇಳಿ. ಮರುವಾಯಿ ಕೂತ ಜಾಗ ಬಿಟ್ಟು ಹೋಗುದಿಲ್ಲ, ದಿನಾ ಅಲ್ಲಿನ ನೀರನ್ನೇ ಸೋಸಿ ಬದುಕುದು, ಆ ಜಾಗದ ಕಥೆ ಅದರ ಮೈಯಲ್ಲೇ ಇರ್ತದೆ, ಅಂಜಲ್ ಆದ್ರೆ ಎಲ್ಲಿಂದ ಈಜಿ ಬಂತೋ. ಮಳೆಗಾಲದಲ್ಲಿ ನೆರೆ ಹೂಳನ್ನು ಕಡಲಿಗೆ ತಳ್ತದೆ, ಹಾಗಾಗಿ ಒಂದೇ ಸಲ ಅಳೆದ್ರೆ ಸಾಲದು, ಮಳೆಗೆ ಮೊದಲು ಒಮ್ಮೆ, ನಂತರ ಒಮ್ಮೆ. ಅಳಿವೆ ಬಾಗಿಲಲ್ಲಿ ಡ್ರೆಜಿಂಗ್ ಮಾಡುವ ಮೊದಲಂತೂ ಕೆಸರು ಅಳೀಲೇಬೇಕು, ತಳದಲ್ಲಿ ಕೂತದ್ದನ್ನು ಕಲಕಿ ಮೇಲೆ ತರುವ ಕೆಲಸ ಅದು. ಇದಕ್ಕೆಲ್ಲ ದೂರ ಹೋಗ್ಬೇಕಾಗಿಲ್ಲ, ಮಂಗಳೂರಲ್ಲೇ ಸಿಎಂಎಫ್‌ಆರ್‌ಐ ಕೇಂದ್ರ ಉಂಟು, 1969ರಿಂದ ಮೀನುಗಾರಿಕಾ ಕಾಲೇಜು ಉಂಟು, ಸುರತ್ಕಲ್‌ನಲ್ಲಿ ಎನ್‌ಐಟಿಕೆ ಉಂಟು. ಪಾದರಸದ ಬಗ್ಗೆ ಮಿನಮಾಟಾ ಹೆಸರಲ್ಲೇ ಇರುವ ಅಂತರರಾಷ್ಟ್ರೀಯ ಒಪ್ಪಂದ 2017ರ ಆಗಸ್ಟ್ 16ಕ್ಕೆ ಜಾರಿಗೆ ಬಂತು, ಭಾರತ 2018ರಲ್ಲಿ ಅದನ್ನು ಅಂಗೀಕರಿಸಿದೆ, ಅಂದ್ರೆ ಕೇಳ್ಲಿಕ್ಕೆ ಆಧಾರವೂ ಉಂಟು.

ಒಂದು ಅಡ್ಡ ಮಾತು, ಮಗಳಿಗೆ ಹೇಳಿ: ಗಲ್ಫಿಂದ ಯಾರಾದ್ರೂ ತಂದ ಲೇಬಲ್ ಸರಿ ಇಲ್ಲದ ಬಿಳುಪಿನ ಕ್ರೀಮ್ ಮನೆಯಲ್ಲಿದ್ರೆ ಮೊದಲು ಅದನ್ನು ಬಿಡ್ಲಿಕ್ಕೆ. ಕೇರಳದ ಮಲಪ್ಪುರಂನಲ್ಲಿ ಅಂಥ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ಕಾಯಿಲೆ ಬಂದದ್ದನ್ನು ಅಲ್ಲಿನ ಡಾಕ್ಟರುಗಳು ಪತ್ತೆ ಮಾಡಿದ್ರು, ಕಾರಣ ಪಾದರಸ. ಬೂತಾಯಿಗೆ ಹೆದರಿ ಆ ಕ್ರೀಮ್ ಹಚ್ಚುವವರು ಬೇಕಾದಷ್ಟು ಜನ ಇದ್ದಾರೆ.

ಉಳಿದದ್ದು ಒಣಮೀನು ಪಾರ್ಸೆಲ್. ಒಣಗಿಸಿದ್ರೆ ನೀರು ಹೋಗಿ ತೂಕ ಇಳೀತದೆ, ಪಾದರಸ ಅಷ್ಟೇ ಉಳೀತದೆ, ಹಾಗಾಗಿ ಗ್ರಾಂ ಲೆಕ್ಕದಲ್ಲಿ ಹೆಚ್ಚು ಕಾಣ್ತದೆ. ಒಣ ತಾಟೆ, ಒಣ ತೊರಕೆ (ರೇ ಮೀನು) ಕಳಿಸ್ಬೇಡಿ. ಒಣ ಕೊಲ್ಲತರು, ಒಣ ಎಟ್ಟಿ ಚಟ್ನಿ ಕಳಿಸಿ, ಪಾದರಸದ ಮಟ್ಟಿಗೆ ತೊಂದರೆ ಇಲ್ಲ, ಅದ್ರಲ್ಲಿ ನೋಡ್ಬೇಕಾದ್ದು ಉಪ್ಪು. ಮಗಳಿಗೆ ಬಿಪಿ ಹೇಗುಂಟು ಅಂತ ಡಾಕ್ಟರ್ ಹತ್ರ ಒಂದು ಮಾತು ಕೇಳಿ ಆಮೇಲೆ ಪಾರ್ಸೆಲ್ ಕಟ್ಟಿ.